ಮತದಾರರ ಪಟ್ಟಿಯಲ್ಲಿ ಸಿಕ್ಕ ಹೆಂಡತಿ

ಇನ್ನೊಬ್ಬರ ಮನೆಯ ಸಂಗತಿ ತಿಳಿದುಕೊಳ್ಳುವ ಚಟ ನನಗಿದೆ. ಎಲೆಯಡಿಕೆಯ ಚಟವಾದರೆ ತುಟಿ ಹೇಳಿಬಿಡುತ್ತದೆ. ನನ್ನದು ಮುಖದ ಮೇಲೆ ಕಾಣುವುದಿಲ್ಲವಾದ್ದರಿಂದ ಊರಲ್ಲಿ ಸಭ್ಯನೆಂದು ಹೆಸರಾಗಿದ್ದೆ. ಎಪ್ಪತ್ತರ ದಶಕದ ಕೊನೆಗೆ ನಾನು ಅಫಜಲಪುರದಲ್ಲಿ ಮಾಸ್ತರ. ಚುನಾವಣೆ ಮುಗಿದು ರದ್ದಿಗೆ ಹೋಗಲಿದ್ದ ಸುತ್ತಲಿನ ಊರುಗಳ ಮತದಾರರ ಪಟ್ಟಿಗಳನ್ನು ತಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಯಾರ ಮನೆಯಲ್ಲಿ ಯಾರು, ಯಾರ ಗಂಡ ಯಾರು, ವಯಸ್ಸೆಷ್ಟು, ಎಲ್ಲವೂ ಅದರಲ್ಲಿತ್ತು. ಲಗ್ನಪತ್ರಿಕೆ ಕೊಡಲು ದೂರದ ಬೀಗರ ಮನೆ ಹುಡುಕುವವರು ನನ್ನ ಬಳಿ ಬರುತ್ತಿದ್ದರು, ನಾನು ಮನೆ ನಂಬರು ತೆಗೆದುಕೊಡುತ್ತಿದ್ದೆ. ಅಷ್ಟಕ್ಕೇ ನಿಂತಿದ್ದರೆ ಸಮಾಜಸೇವೆ ಎನ್ನಬಹುದಿತ್ತು. ಆದರೆ ಹೆಡ್‌ಮಾಸ್ತರರ ಹೆಂಡತಿಗೆ ಇಪ್ಪತ್ತೊಂಬತ್ತು, ಮಗನಿಗೆ ಇಪ್ಪತ್ತೆರಡು ಎಂಬುದನ್ನು ನಾನು ಎಲ್ಲರೆದುರು ಓದಿ ಹೇಳಿದೆ. ಆ ವರ್ಷವಿಡೀ ಒಂದನೆಯ ಇಯತ್ತೆಯ ಮಕ್ಕಳ ಮೂಗು ಒರೆಸುವ ಕೆಲಸ ನನಗೇ ಬಿತ್ತು.

ಅದೇ ವರ್ಷ ನನ್ನ ಹೆಂಡತಿಯ ತಂಗಿ ನೀಲಮ್ಮನಿಗೆ ಗೊಬ್ಬೂರಿನ ಶರಣಪ್ಪ ಎಂಬ ಹುಡುಗ ಗೊತ್ತಾದ. ಆಳಂದದ ನಮ್ಮ ಮಾವನ ಮನೆಗೆ ಅವನು ಬಂದು ಹೋದ ಮೇಲೆ, “ಹುಡುಗ ಛಲೋ ಅದಾನ” ಎಂದು ನೀಲಮ್ಮ ಅಕ್ಕನಿಗೆ ಹೇಳಿದ್ದಳು. ಅವಳ ಬಾಯಲ್ಲಿ ಒಂದು ಗಂಡಿನ ಬಗ್ಗೆ ಒಳ್ಳೆಯ ಮಾತು ಬಂದದ್ದು ಅದೇ ಮೊದಲು. ಸೋಮವಾರ ನಿಶ್ಚಯವಿತ್ತು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಕೇಳದಿದ್ದುದೇ ನನಗೆ ಅವಮಾನವಾಗಿ, ಶುಕ್ರವಾರ ಟ್ರಂಕು ತೆಗೆದೆ. ಗೊಬ್ಬೂರಿನ ಪಟ್ಟಿಯಲ್ಲಿ ಅವನ ಮನೆ ಸಿಕ್ಕಿತು. ಶರಣಪ್ಪ, ಇಪ್ಪತ್ಮೂರು. ಕೆಳಗಿನ ಸಾಲಿನಲ್ಲಿ ಗುರಬಾಯಿ, ಗಂಡ ಶರಣಪ್ಪ, ಇಪ್ಪತ್ತೊಂದು.

ಸುದ್ದಿ ಆಳಂದಕ್ಕೆ ಮುಟ್ಟಿಸಿದೆ. ನೀಲಮ್ಮ ಎರಡು ದಿನ ಉಣ್ಣಲಿಲ್ಲವಂತೆ. ನನಗೆ ಸಂಕಟವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಭಾನುವಾರ ನಮ್ಮ ಮಾವ ಬಂದರು. ಮಾತು ಕಡಿಮೆಯ ಮನುಷ್ಯ. “ಕಾಗದ ತಗೊಂಡು ನಡೀರಿ ಮಾಸ್ತರ, ಎದುರಿಗೇ ಕೇಳೋಣು” ಎಂದರು. ಪಟ್ಟಿಯನ್ನು ಬಗಲಲ್ಲಿ ಇಟ್ಟುಕೊಂಡು, ವಕೀಲನ ಗತ್ತಿನಲ್ಲಿ ಅವರೊಂದಿಗೆ ಬಸ್ಸು ಹತ್ತಿದೆ.

ಗೊಬ್ಬೂರಿನಲ್ಲಿ ಶರಣಪ್ಪನೇ ಕಂಬಳಿ ಹಾಸಿ ಕೂಡ್ರಿಸಿದ. ಅವನು ನೀರು ಕೊಡುವುದಕ್ಕೂ ಬಿಡದೆ, “ಈ ಮನ್ಯಾಗ ಗುರಬಾಯಿ ಅಂದ್ರ ಯಾರ್ರಿ?” ಎಂದು ಕೇಳಿದೆ.

“ನಾನ” ಎಂದು ಒಳಗಿನಿಂದ ಉತ್ತರ ಬಂತು. ಬೆನ್ನು ಬಾಗಿ, ಹಲ್ಲೆಲ್ಲ ಹೋಗಿದ್ದ ಮುದುಕಿಯೊಬ್ಬಳು ಗೋಡೆ ಹಿಡಿದು ಹೊರಗೆ ಬಂದಳು. ಶರಣಪ್ಪನ ಅಜ್ಜಿ.

ನಾನು ಪಟ್ಟಿ ಬಿಚ್ಚಿ ಓದಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. “ನೀವ ಅಲ್ಲೇನ್ರಿ ಅವತ್ತ ಬರಕೊಳ್ಳಾಕ ಬಂದಿದ್ದ ಮಾಸ್ತರ? ಇದ ಕಟ್ಟಿ ಮ್ಯಾಲ ಕುಂತು ಎರಡು ಚೆರಿಗಿ ಮಜ್ಜಿಗಿ ಕುಡದಿದ್ರಿ. ಗಂಡನ ಹೆಸರ ಹೇಳು ಅಂದ್ರಿ. ನಾ ಹೆಂಗ ಹೇಳ್ಲಿ? ಮೊಮ್ಮಗನಿಗೆ ಅದ ಹೆಸರ ಇಟ್ಟೀವಿ, ಅವನ್ನ ಕೇಳ್ರಿ ಅಂದೆ. ನೀವು ಕೇಳಿ ಬರಕೊಂಡ್ರಿ.”

ನಾನು ಪಟ್ಟಿ ಮಡಿಚಿದೆ. ಮನೆಮನೆ ಸುತ್ತಿ ಆ ಪಟ್ಟಿಗೆ ಹೆಸರು ಬರೆದ ಮಾಸ್ತರರಲ್ಲಿ ನಾನೂ ಒಬ್ಬ. ಬಿಸಿಲೆಂದು ಹೆಂಗಸರ ಬರೀ ಹೆಸರು ಬರೆದುಕೊಂಡು, ಅವರ ವಯಸ್ಸನ್ನೆಲ್ಲ ಮನೆಯಲ್ಲಿ ಚಹಾ ಕುಡಿಯುತ್ತ ತುಂಬಿದ್ದೆ. ಗಂಡನಿಗಿಂತ ಎರಡು ವರ್ಷ ಕಡಿಮೆ, ಅದೇ ನನ್ನ ಲೆಕ್ಕ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಊರಿನಲ್ಲೇ ಹುಟ್ಟಿ ಬೆಳೆದೂ ಅಜ್ಜಿಯನ್ನು ಮೊಮ್ಮಗನಿಗೆ ಕಟ್ಟಿದ್ದೆ.

ಶರಣಪ್ಪ ನಗು ತಡೆಯಲಾರದೆ ಎದ್ದು ಹೊರಗೆ ಹೋದ. ಅಜ್ಜಿ ನಮ್ಮ ಮಾವನವರಿಗೆ, “ಹುಡುಗೀನ್ನ ಕೊಡ್ರಿ ಯಪ್ಪಾ. ಸವತಿ ಅಂತ ನಾ ಏನೂ ಜಗಳಾ ತೆಗಿಯಂಗಿಲ್ಲ” ಎಂದಳು. ಮಾವ ಅಲ್ಲೇ ನಿಶ್ಚಯದ ಹೊತ್ತು ಗೊತ್ತುಮಾಡಿದರು. ನೀಲಮ್ಮ ಆ ರಾತ್ರಿ ಉಂಡಳೆಂದು ಆಮೇಲೆ ತಿಳಿಯಿತು.

ಹಿಂದಿರುಗುವ ಬಸ್ಸಿನಲ್ಲಿ ಮಾವ ಇಬ್ಬರ ಟಿಕೆಟ್ಟೂ ತಾವೇ ತೆಗೆಸಿದರು. ನಾನೇ ಮಾತು ತೆಗೆದು, “ಹೆಣ್ಣು ಕೊಡೂಕಿಂತ ಮುಂಚೆ ವಿಚಾರಸೋದು ತಪ್ಪಲ್ಲ ಅಲ್ಲೇನ್ರಿ ಮಾವ?” ಎಂದೆ.

“ತಪ್ಪಲ್ಲ” ಎಂದರು ಮಾವ. “ದೊಡ್ಡಾಕೀನ್ನ ನಿಮಗ ಕೊಡುವಾಗ ನಾನೂ ಮೂರು ಊರಾಗ ವಿಚಾರಸಿದ್ದೆ. ಹುಡುಗ ಭಾಳ ಶಾಣ್ಯಾ ಅದಾನ ಅಂತ ಮೂರೂ ಕಡೆ ಹೇಳಿದ್ರು.”

ಆಮೇಲೆ ಅವರು ಕಿಟಕಿಯ ಕಡೆಗೆ ತಿರುಗಿ ಕೂತರು.