ಐದು ಕೊಠಡಿಗಳ ವೈದ್ಯರು ಒಂದೇ ಊಟದ ಹಾಸಿನ ಸುತ್ತ ಕೂತ ಬಗ್ಗೆ

ಸಾರಿ-ಬುಲುನ್ ಜಿಲ್ಲಾ ಆರೋಗ್ಯ ಇಲಾಖೆ
ಕೊಠಡಿ ಶಿಸ್ತು ವಿಭಾಗ

ಸಂಖ್ಯೆ: ಆಇ/ಕೊಶಿ/ಮೂಳೆ ಮತ್ತು ಇತರೆ/417
ದಿನಾಂಕ: ನವೆಂಬರ್ 11

ಸುತ್ತೋಲೆ

ವಿಷಯ: ಒಬ್ಬರೇ ರೋಗಿಯ ಮೂಳೆ, ಹೊಟ್ಟೆ, ಕಿಡ್ನಿ, ಹೃದಯ ಹಾಗೂ ಸಕ್ಕರೆ ಕಾಯಿಲೆಗಳ ಚಿಕಿತ್ಸೆಯನ್ನು ಒಟ್ಟಿಗೆ ತೂಗಿ ನೋಡುವ ಅನಧಿಕೃತ ಪ್ರವೃತ್ತಿಯನ್ನು ತಡೆಗಟ್ಟುವ ಕುರಿತು.

ಉಲ್ಲೇಖ: 1) ‘ಒಂದು ಕೊಠಡಿ, ಒಂದು ಅಂಗ’ ಸ್ಥಾಯಿ ಆದೇಶ.
2) ಕೊಠಡಿ ಸಂಖ್ಯೆ 7ರ ಮೂಳೆ ವೈದ್ಯರ ವಿವರಣಾ ಪತ್ರ.
3) ವಿಚಾರಣಾಧಿಕಾರಿಯವರ ವರದಿ (ಕೊಬ್ಬಿನ ಕಲೆಗಳಿರುವ 4ರಿಂದ 9ರವರೆಗಿನ ಪುಟಗಳೂ ಸೇರಿದಂತೆ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಜಿಲ್ಲಾ ಪಾಲಿಕ್ಲಿನಿಕ್‌ನ ಎಲ್ಲ ಸಿಬ್ಬಂದಿಯ ಹಾಗೂ ಒಂದಕ್ಕಿಂತ ಹೆಚ್ಚು ಕಾಯಿಲೆಯುಳ್ಳ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ:

1. ಪಾಲಿಕ್ಲಿನಿಕ್‌ನಲ್ಲಿ ಪ್ರತಿ ಅಂಗಕ್ಕೂ ಪ್ರತ್ಯೇಕ ಕೊಠಡಿ, ಪ್ರತ್ಯೇಕ ವೈದ್ಯರು ಮತ್ತು ಪ್ರತ್ಯೇಕ ಬಾಗಿಲನ್ನು ಒದಗಿಸಲಾಗಿದೆ. ಆದಾಗ್ಯೂ, ಕುದುರೆ ಫಾರಂನಲ್ಲಿ ಹೆಣ್ಣುಕುದುರೆಗಳ ಹಾಲು ಕರೆದು ನಿವೃತ್ತರಾದ ಶ್ರೀಮತಿ ಸೊನುನ್‌ಬೂಬು, ವಯಸ್ಸು 72, ಇವರು ಎಲ್ಲ ಅಂಗಗಳನ್ನೂ ಒಟ್ಟಿಗೆ ಹೊತ್ತುಕೊಂಡು ಬರುವ ಅಭ್ಯಾಸ ಉಳ್ಳವರೆಂದು ಕಂಡುಬಂದಿದೆ.

2. ಸದರಿಯವರು ಕಳೆದ ವರ್ಷ ಒಲೆಯ ಬಳಿಯಿಂದ ಎದ್ದು ನಿಲ್ಲುವಾಗ ತಲೆ ಸುತ್ತಿ ಬಿದ್ದು ಮಣಿಕಟ್ಟು ಮುರಿದುಕೊಂಡಿರುತ್ತಾರೆ. ನಂತರ ಹಿಟ್ಟಿನ ಪಾತ್ರೆ ಎತ್ತುವಾಗ ಬೆನ್ನಿನಲ್ಲಿ ‘ಟಪ್’ ಎಂದು ಸದ್ದಾಗಿ, ಒಂದು ಬೆನ್ನೆಲುಬು ಕುಸಿದಿರುತ್ತದೆ. ಮೂಳೆಗಳು ಟೊಳ್ಳಾಗಿವೆಯೆಂದು ಕೊಠಡಿ 7ರ ಮೂಳೆ ವೈದ್ಯರಾದ ತಲಾಯ್‌ರವರು ನಿಯಮಾನುಸಾರ ಪತ್ತೆ ಹಚ್ಚಿರುತ್ತಾರೆ. ಇಲ್ಲಿಯವರೆಗೆ ಇಲಾಖೆಯ ಆಕ್ಷೇಪಣೆ ಏನೂ ಇರುವುದಿಲ್ಲ.

3. ಕೊಠಡಿ 7ರವರು ವಾರಕ್ಕೊಂದು ಮಾತ್ರೆ ಬರೆದರು. ಅದರಿಂದ ಎದೆ ಉರಿದು, ಕೊಠಡಿ 3ರ ಹೊಟ್ಟೆ ವೈದ್ಯರು ಮಾತ್ರೆಯನ್ನು ನಿಲ್ಲಿಸಿದರು. ಕೊಠಡಿ 7ರವರು ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹಾಕುವ ಡ್ರಿಪ್ ಬರೆದರು. ಕಿಡ್ನಿ ತಡೆಯುವುದಿಲ್ಲವೆಂದು ಕೊಠಡಿ 5ರ ಕಿಡ್ನಿ ವೈದ್ಯೆ ಕುಲುಯ್ಪಾರವರು ಅದನ್ನು ಹೊಡೆದುಹಾಕಿದರು. ಬೇರೊಂದು ಮಾತ್ರೆಯನ್ನು ಬರೆಯಲಾಗಿ, ಹಿಂದೊಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದ ಕಾರಣ ಕೊಠಡಿ 9ರ ಹೃದಯ ವೈದ್ಯರು ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಹದಿನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಕೊಠಡಿ 7ರವರು ಚೀಟಿಯಲ್ಲಿ ಬರೆದ ಅಂತಿಮ ಚಿಕಿತ್ಸೆ: ‘ಬೀಳಬೇಡಿ.’

4. ಈ ಚಿಕಿತ್ಸೆಯಿಂದ ಯಾವ ಅಂಗಕ್ಕೂ ಅಡ್ಡಪರಿಣಾಮ ಇಲ್ಲದಿರುವುದನ್ನು ಇಲಾಖೆಯು ಮೆಚ್ಚುಗೆಯಿಂದ ಗಮನಿಸಿದೆ. ಆದರೆ ರೋಗಿಯು ಮೆಚ್ಚಿಕೊಂಡಿರುವುದಿಲ್ಲ. ವಿಚಾರಣೆಯ ವೇಳೆ ಅವರು ನೀಡಿದ ಹೇಳಿಕೆಯನ್ನು ವ್ಯಾಕರಣ ತಿದ್ದದೆ ಲಗತ್ತಿಸಲಾಗಿದೆ:

“ನಮ್ಮಕ್ಕ ಬೂರುಲ್ ಸೊಂಟ ಮುರ್ಕೊಂಡು ಮಲಗಿದೋಳು ಮತ್ತೆ ಏಳ್ಲೇ ಇಲ್ಲ, ಮಗಾ. ಮಲಗಿದ್ದಲ್ಲೇ ಗೋಡೆ ಕಡೆ ಮುಖ ಮಾಡ್ಬಿಟ್ಲು. ನಂಗೆ ಸಾಯೋಕೆ ಭಯ ಇಲ್ಲ, ಗೋಡೆ ನೋಡ್ಕೊಂಡು ಬದುಕೋಕೆ ಭಯ. ಐದು ಬಾಗಿಲು ತಟ್ಟಿದೆ. ಒಬ್ಬೊಬ್ಬರೂ ಒಳ್ಳೆಯವರೇ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಲಿ ಅಂದ್ರೆ ನಾನೇ ಕೋಲೂರಿಕೊಂಡು ಹೊತ್ಕೊಂಡು ಹೋಗ್ಬೇಕು. ಹೋಗೋವಾಗ ಬಿದ್ರೆ?”

5. ತತ್ಪರಿಣಾಮವಾಗಿ ಸದರಿಯವರು ಏಪ್ರಿಲ್ ಮೊದಲ ಭಾನುವಾರ ಮಧ್ಯಾಹ್ನ ಐವರು ವೈದ್ಯರನ್ನೂ ತಮ್ಮ ಮನೆಗೆ ಊಟಕ್ಕೆ ಕರೆದಿರುತ್ತಾರೆ. ಬೇರೆಯವರು ಬರುವರೆಂದು ಯಾರಿಗೂ ತಿಳಿಸಿರುವುದಿಲ್ಲ. ಇದು ವಂಚನೆಯಲ್ಲವೇ ಎಂದು ಕೇಳಲಾಗಿ, “ನಿಮ್ಮೊಬ್ಬರನ್ನೇ ಕರೀತಿದೀನಿ ಅಂತ ಐದು ಸಲ ಹೇಳಿದೆ. ಒಂದೊಂದು ಸಲವೂ ಒಬ್ಬರನ್ನೇ ಕರೆದಿದ್ದೆ” ಎಂದು ಉತ್ತರಿಸಿರುತ್ತಾರೆ.

6. ಹೊಟ್ಟೆ ವೈದ್ಯರಿಗೂ ಕಿಡ್ನಿ ವೈದ್ಯೆಗೂ ಮೊಗಸಾಲೆಯ ಹೀಟರನ್ನು ಯಾರ ಬಾಗಿಲ ಮುಂದೆ ಇಡಬೇಕೆಂಬ ವಿಷಯದಲ್ಲಿ ಎಂಟು ವರ್ಷಗಳಿಂದ ಮಾತಿರಲಿಲ್ಲ. ಇಬ್ಬರೂ ಹೊಸ್ತಿಲಲ್ಲಿ ಎದುರಾದಾಗ ವಾಪಸು ಹೋಗುವ ಎಲ್ಲ ಸಾಧ್ಯತೆ ಇತ್ತು. ಆದರೆ ಅಷ್ಟರಲ್ಲಿ ಕುರಿಯನ್ನು ಬಾಗಿಲಿಗೆ ತಂದು ನಿಲ್ಲಿಸಲಾಗಿದ್ದು, ಐವರೂ ಅಂಗೈ ತೆರೆದು ಹರಸಿಯಾಗಿತ್ತು. ಹರಸಿದ ಮೇಲೆ ಆ ಕುರಿಯ ಮಾಂಸ ಉಣ್ಣದೆ ಏಳುವ ಹಾಗಿಲ್ಲ. ಈ ಪದ್ಧತಿಯು ಇಲಾಖೆಯ ನಿಯಂತ್ರಣದಲ್ಲಿ ಇರುವುದಿಲ್ಲ.

7. ಚಹಾ ಬಂತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ಬಂತು, ಮತ್ತೆ ಚಹಾ ಬಂತು. ಮಾಂಸ ಮಾತ್ರ ಬರಲಿಲ್ಲ. ಎರಡು ಗಂಟೆಯ ಬಳಿಕ ಹೃದಯ ವೈದ್ಯರು ಆ ಮನೆಯ ಸೊಸೆ ನಸಿಪಾರವರನ್ನು ವಿಚಾರಿಸಲಾಗಿ, ಸೊನುನ್‌ಬೂಬುರವರು ತಮ್ಮ ಔಷಧಿಯ ಚೀಲವನ್ನು ಬೋರ್ಸೋಕ್‌ಗಳ ಪಕ್ಕದಲ್ಲೇ ಸುರಿದು ಈ ಕೆಳಗಿನಂತೆ ಹೇಳಿರುತ್ತಾರೆ:

“ನನ್ನ ಮೂಳೆ ವಿಷಯ ತೀರ್ಮಾನ ಆಗೋವರೆಗೆ ಕುರಿ ಮೂಳೆ ಈ ಹಾಸಿನ ಮೇಲೆ ಬರಲ್ಲ. ಬೆಂದಿದೆ, ಘಮಘಮ ಅಂತಿದೆ. ನೀವು ಮಾತಾಡಿ.”

8. ತದನಂತರದ ಮಾತುಕತೆಯನ್ನು ನಸಿಪಾರವರ ನೆನಪಿನ ಆಧಾರದ ಮೇಲೆ ದಾಖಲಿಸಲಾಗಿದೆ. ಕೊಠಡಿ 11ರ ಸಕ್ಕರೆ ವೈದ್ಯೆಯು ಬಿಳಿ ಡಬ್ಬಿಯೊಂದನ್ನು ಎತ್ತಿಕೊಂಡು, “ಇದು ನಾನು ಕೊಟ್ಟಿದ್ದು. ಬಿಪಿಗೂ ಆಗುತ್ತೆ, ಕಿಡ್ನಿಗೂ ಒಳ್ಳೇದು ಅಂತ” ಎಂದರು. ಹೃದಯ ವೈದ್ಯರು ಹಸಿರು ಡಬ್ಬಿಯೊಂದನ್ನು ಎತ್ತಿಕೊಂಡು, “ಬಿಪಿಗೆ ನಾನು ಇದನ್ನ ಕೊಟ್ಟಿದ್ದೆ” ಎಂದರು. ಇಬ್ಬರೂ ಕನ್ನಡಕ ಏರಿಸಿ ಸಣ್ಣ ಅಕ್ಷರಗಳನ್ನು ಓದಿದರು. ಎರಡೂ ಒಂದೇ ಔಷಧಿ, ಹೆಸರು ಮಾತ್ರ ಬೇರೆ.

“ಅಯ್ಯೋ ಅಪಾ, ದಿನಾ ಎರಡೂ ನುಂಗ್ತಿದ್ರಾ?” ಎಂದು ಸಕ್ಕರೆ ವೈದ್ಯೆಯು, ಹಿರಿಯ ಹೆಂಗಸರನ್ನು ‘ಅಪಾ’ ಎನ್ನುವ ರೂಢಿಯಂತೆ, ಕೇಳಿದರು.

“ನೀವು ನುಂಗು ಅಂದ್ರಿ, ನುಂಗಿದೆ. ಅವರೂ ಅಂದ್ರು, ಅದನ್ನೂ ನುಂಗಿದೆ. ಯಾರ ಮನಸ್ಸೂ ನೋಯಿಸ್ಲಿಲ್ಲ.”

“ಅದಕ್ಕೇ ಎದ್ದ ಕೂಡ್ಲೇ ತಲೆ ಸುತ್ತೋದು! ಅದಕ್ಕೇ ಬಿದ್ದಿರೋದು!” ಎಂದರು ಹೃದಯ ವೈದ್ಯರು.

ಅವರು ಹಸಿರು ಡಬ್ಬಿಯನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು.

9. ನಂತರ ಬಾಯಿ ಬಿಟ್ಟವರು ಮೂಳೆ ವೈದ್ಯ ತಲಾಯ್. “ಚರ್ಮದಡಿಗೆ ಚುಚ್ಚೋ ಇಂಜೆಕ್ಷನ್ ಒಂದಿದೆ. ಆರು ತಿಂಗಳಿಗೊಂದು. ಹೊಟ್ಟೆಗೆ ಹೋಗಲ್ಲ, ರಕ್ತ ಹೆಪ್ಪುಗಟ್ಟಿಸಲ್ಲ. ಆದ್ರೆ ಕುಲುಯ್ಪಾ ಎಜೆ ಒಪ್ಪಲ್ಲ ಅಂದ್ಕೊಂಡು ಬರೀಲಿಲ್ಲ” ಎಂದರು.

ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ್ದರಿಂದ ‘ಎಜೆ’, ಅಂದರೆ ಅಕ್ಕ, ಎನಿಸಿಕೊಂಡ ಕಿಡ್ನಿ ವೈದ್ಯೆ ಸಿಡುಕಿದರು. “ನನ್ನ ಕೇಳ್ದೆ ನಾನು ಒಪ್ಪಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ? ಅವರ ಕಿಡ್ನಿಗೆ ಡ್ರಿಪ್ ಆಗಲ್ಲ ಅಂದೆ, ಇಂಜೆಕ್ಷನ್ ಬೇಡ ಅಂದ್ನಾ? ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ನೋಡ್ಬೇಕು, ಕಮ್ಮಿ ಇದ್ರೆ ಮೊದಲು ಸರಿ ಮಾಡ್ಬೇಕು. ಚುಚ್ಚಿದ ಹತ್ತು ದಿನಕ್ಕೆ ಮತ್ತೆ ನೋಡ್ಬೇಕು. ಅಷ್ಟೇ ಅಲ್ವಾ?”

“ಅಷ್ಟೇ ಅಲ್ಲ ಎಜೆ. ಶುರು ಮಾಡಿದ್ರೆ ತಪ್ಪಿಸೋ ಹಾಗಿಲ್ಲ. ಒಂದು ಸಲ ತಪ್ಪಿದ್ರೂ ಬೆನ್ನೆಲುಬು ಮತ್ತೆ ಒಂದೊಂದಾಗಿ ಕುಸೀಬಹುದು. ಅಪಾ ಬೇಸಿಗೆಯೆಲ್ಲ ಮೇಲೆ ಹುಲ್ಲುಗಾವಲಲ್ಲಿ ಇರ್ತಾರೆ. ಜನವರಿ ಬಂತು ಅಂದ್ರೆ ಹಿಮ ಬಿದ್ದು ದಾರಿ ಮುಚ್ಚುತ್ತೆ. ಎಲ್ಲಿ ಹಿಡಿಯೋದು ಇವರನ್ನ?”

ಆಗ ರೋಗಿಯು, ಯಾವ ಕೊಠಡಿಯ ಉಸ್ತುವಾರಿಯನ್ನೂ ಹೊಂದಿರದಿದ್ದಾಗ್ಯೂ, ಅಭಿಪ್ರಾಯ ವ್ಯಕ್ತಪಡಿಸಿರುತ್ತಾರೆ:

“ಕುದುರೆ ಹತ್ತಿ ಹುಲ್ಲುಗಾವಲಿಗೆ ಹೋಗೋ ಮುಂಚೆ ಒಂದು, ಇಳಿದು ಬಂದ್ಮೇಲೆ ಒಂದು. ಏಪ್ರಿಲ್, ಅಕ್ಟೋಬರ್. ಆರಕ್ಕೆ ಆರು ಸರಿಹೋಗುತ್ತಲ್ಲ! ಮಂದೆಗೆ ಚುಚ್ಚೋದೂ ಆಗಲೇ. ಸಾಲಲ್ಲಿ ನನ್ನೂ ನಿಲ್ಲಿಸ್ಬಿಡಿ.”

ಹೊಟ್ಟೆ ವೈದ್ಯರು ನಕ್ಕುಬಿಟ್ಟರು. ಕಿಡ್ನಿ ವೈದ್ಯೆಯೂ ನಕ್ಕರು. ಎಂಟು ವರ್ಷಗಳ ನಂತರ ಇಬ್ಬರೂ ಒಂದೇ ಕಾರಣಕ್ಕೆ ನಕ್ಕಿದ್ದನ್ನು ವಿಚಾರಣಾಧಿಕಾರಿಯವರು ಗಂಭೀರ ಲೋಪವೆಂದು ಪರಿಗಣಿಸಿರುತ್ತಾರೆ.

10. ಸಕ್ಕರೆ ತೀರಾ ಇಳಿಸುತ್ತಿದ್ದ ಮಾತ್ರೆಯನ್ನು ಅರ್ಧಕ್ಕೆ ತಗ್ಗಿಸಲಾಯಿತು. ಮಾಂಸ ಬಂತು. ಮೇಲ್ಕಂಡ ಘಟನೆಯು ಮರುಕಳಿಸದಂತೆ ಈ ಕೆಳಗಿನ ನಿಯಮಗಳನ್ನು ತಕ್ಷಣದಿಂದ ಜಾರಿಗೆ ತರಲಾಗಿದೆ:

ಅ) ರೋಗಿಯು ಯಾವ ಕೊಠಡಿಗೆ ಹೋಗುವರೋ ಆ ಕೊಠಡಿಗೆ ಸಂಬಂಧಿಸಿದ ಕಾಯಿಲೆಯನ್ನು ಮಾತ್ರ ಒಳಗೆ ಒಯ್ಯತಕ್ಕದ್ದು. ಉಳಿದ ಕಾಯಿಲೆಗಳನ್ನು ಹೊರಗಿನ ಬೆಂಚಿನ ಮೇಲೆ ಬಿಟ್ಟು, ಕಾವಲುಗಾರರಿಂದ ಟೋಕನ್ ಪಡೆಯತಕ್ಕದ್ದು. ಟೋಕನ್ ಕಳೆದಲ್ಲಿ ಕಾಯಿಲೆಯನ್ನು ಹಿಂದಿರುಗಿಸಲಾಗುವುದಿಲ್ಲ.

ಆ) ಮೊಗಸಾಲೆಯಲ್ಲಿ ಎದುರಾಗುವ ವೈದ್ಯರು ಹವಾಮಾನ, ಕುದುರೆ ಮತ್ತು ಮಕ್ಕಳ ಮದುವೆಯ ಬಗ್ಗೆ ಮಾತನಾಡಬಹುದು. ಕಿಡ್ನಿಯ ಬಗ್ಗೆ ಮಾತನಾಡಲು ಪೂರ್ವಾನುಮತಿ ಕಡ್ಡಾಯ. ಎರಡು ಕಿಡ್ನಿಗಳಿದ್ದಲ್ಲಿ ಎರಡು ಅರ್ಜಿ.

ಇ) ವಾರದ ಮಾತ್ರೆ ನುಂಗಿದವರು ಬರಿಹೊಟ್ಟೆಯಲ್ಲಿ ಅರ್ಧ ಗಂಟೆ ನೆಟ್ಟಗೆ ಇರಬೇಕಾಗಿದ್ದು, ಆ ಅವಧಿಯಲ್ಲಿ ಅವರಿಗೆ ಚಹಾ ನೀಡುವವರ ಮೇಲೆ ಕ್ರಮ ಜರುಗಿಸಲಾಗುವುದು. ಬೀಗಿತ್ತಿಯರಿಗೂ ವಿನಾಯಿತಿ ಇಲ್ಲ. ಕುದುರೆಯ ಮೇಲೆ ಕೂತಿರುವುದನ್ನು ನೆಟ್ಟಗಿರುವುದೆಂದು ಪರಿಗಣಿಸಲಾಗುವುದು. ಆದರೆ ಕುದುರೆಯು ಮೇಯಲು ಬಗ್ಗಿದಲ್ಲಿ ಅವಧಿಯನ್ನು ಮೊದಲಿನಿಂದ ಎಣಿಸತಕ್ಕದ್ದು. ಈ ಅರ್ಧ ಗಂಟೆಯಲ್ಲಿ ಹಿರಿಯರು ಎದುರಾದರೆ ಬಗ್ಗಿ ವಂದಿಸದೆ, ಇಲಾಖೆಯ ಮೊಹರಿರುವ ‘ಅಹಂಕಾರವಿಲ್ಲ’ ಪ್ರಮಾಣಪತ್ರವನ್ನು ತೋರಿಸತಕ್ಕದ್ದು.

ಈ) ಬೀಳಲಿಚ್ಛಿಸುವವರು ಮೂರು ಕೆಲಸದ ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಎರಡು ಕೊಠಡಿಗಳ ನಡುವೆ ಬಿದ್ದಲ್ಲಿ, ತಲೆ ಯಾವ ಬಾಗಿಲಿನ ಕಡೆ ಇರುವುದೋ ಆ ಕೊಠಡಿಯ ರೋಗಿಯೆಂದು ಭಾವಿಸಲಾಗುವುದು. ತಲೆಯನ್ನು ತಿರುಗಿಸುವುದನ್ನು ನಿಷೇಧಿಸಲಾಗಿದೆ.

ಉ) ಸದರಿ ಊಟದಲ್ಲಿ ಕುರಿಯ ಸೊಂಟದ ಮೂಳೆಯನ್ನು ಕಿಡ್ನಿ ವೈದ್ಯೆಗೂ, ತೊಡೆಮೂಳೆಯನ್ನು ಹೃದಯ ವೈದ್ಯರಿಗೂ, ಪಕ್ಕೆಲುಬನ್ನು ಮಾತ್ರ ಮೂಳೆ ವೈದ್ಯರಿಗೂ ಬಡಿಸಲಾಗಿದೆ. ವಯಸ್ಸಿಗೆ ತಕ್ಕಂತೆ ಮೂಳೆ ಎಂಬ ಸಂಪ್ರದಾಯವನ್ನು ಇಲಾಖೆಯು ಗೌರವಿಸುತ್ತದೆ. ಆದಾಗ್ಯೂ, ಯಾವುದೇ ಮೂಳೆಯ ಮೇಲೆ ಮೊದಲ ಹಕ್ಕು ಕೊಠಡಿ 7ರದ್ದೇ ಆಗಿದ್ದು, ಇತರರು ತಮ್ಮ ಪಾಲಿನ ಮೂಳೆಯನ್ನು ಕಡಿಯುವ ಮುನ್ನ ಅಲ್ಲಿಂದ ಲಿಖಿತ ಅಭಿಪ್ರಾಯ ಪಡೆಯತಕ್ಕದ್ದು.

ಊ) ಒಂದೇ ಔಷಧಿಗೆ ಎರಡು ಹೆಸರಿರುವುದನ್ನು ಕಂಡುಹಿಡಿಯುವ ಅಧಿಕಾರ ಔಷಧಿ ಸಮಿತಿಗೆ ಮಾತ್ರ ಇದ್ದು, ಸದರಿ ಸಮಿತಿಯನ್ನು ಇನ್ನೂ ರಚಿಸಬೇಕಾಗಿದೆ. ಅಲ್ಲಿಯವರೆಗೆ ಸಾರ್ವಜನಿಕರು ತಮ್ಮ ಔಷಧಿಯ ಚೀಲವನ್ನು ಯಾವುದೇ ಹಾಸಿನ ಮೇಲೆ ಸುರಿಯಬಾರದೆಂದು ಈ ಮೂಲಕ ಸೂಚಿಸಲಾಗಿದೆ.

11. ಸೊನುನ್‌ಬೂಬುರವರಿಗೆ ಏಪ್ರಿಲ್ 20ರಂದು ಮೊದಲ ಇಂಜೆಕ್ಷನ್ ಕೊಡಲಾಗಿ, ಅವರು ಮೇ ತಿಂಗಳಲ್ಲಿ ಹುಲ್ಲುಗಾವಲಿಗೆ ಹತ್ತಿ, ಸೆಪ್ಟೆಂಬರ್‌ನಲ್ಲಿ ಇಳಿದು, ಅಕ್ಟೋಬರ್ 20ರಂದು ಎರಡನೆಯದನ್ನು ಪಡೆದಿರುತ್ತಾರೆ. ಈ ಅವಧಿಯಲ್ಲಿ ಒಮ್ಮೆಯೂ ಬಿದ್ದಿರುವುದಿಲ್ಲ. ಎದ್ದು ನಿಂತಾಗ ತಲೆ ಸುತ್ತುವುದಿಲ್ಲವೆಂದು ತಿಳಿಸಿರುತ್ತಾರೆ. ವಿಚಾರಣಾಧಿಕಾರಿಯವರ ಮುಂದೆ ನಾಲ್ಕು ಬಾರಿ ಎದ್ದು ತೋರಿಸಿ, “ನೀವೂ ಎದ್ದು ತೋರ್ಸಿ ನೋಡೋಣ” ಎಂದಿರುತ್ತಾರೆ. ಅಧಿಕಾರಿಯವರು ಎರಡನೇ ಬಾರಿ ಏಳುವಾಗ ಅವರ ಕೈ ಹಿಡಿದುಕೊಂಡಿರುತ್ತಾರೆ. ಈ ಫಲಿತಾಂಶವು ಕಾರ್ಯವಿಧಾನ ಪಾಲಿಸದೆ ಬಂದಿರುವುದರಿಂದ ಇಲಾಖೆಯು ಇದನ್ನು ಮಾನ್ಯ ಮಾಡಿರುವುದಿಲ್ಲ.

12. ಐವರು ವೈದ್ಯರೂ ಈಗ ಪ್ರತಿ ತಿಂಗಳ ಮೊದಲ ಭಾನುವಾರ ಒಬ್ಬೊಬ್ಬ ರೋಗಿಯ ಮನೆಯಲ್ಲಿ ಸೇರುತ್ತಿರುವುದಾಗಿ ಮಾಹಿತಿ ಬಂದಿದೆ. ಇದನ್ನು ತಕ್ಷಣ ನಿಲ್ಲಿಸತಕ್ಕದ್ದು. ಡಿಸೆಂಬರ್ ತಿಂಗಳ ಭಾನುವಾರದ ನಂತರ.

ಈ ಸುತ್ತೋಲೆಯನ್ನು ಓದಿ ಅರ್ಥವಾದವರು ಸಹಿ ಮಾಡಿ ಹಿಂದಿರುಗಿಸುವುದು. ಅರ್ಥವಾಗದವರು ಸಹಿ ಮಾತ್ರ ಮಾಡುವುದು.

ಸಹಿ/-
(ಜೀರ್ಗಲ್‌ಬೆಕ್ ಒಸ್ಮೊನಾಲಿಯೆವ್)
ನಿರ್ದೇಶಕರು, ಕೊಠಡಿ ಶಿಸ್ತು ವಿಭಾಗ

ಪ್ರತಿಗಳು:
1. ಕೊಠಡಿ 3, 5, 7, 9 ಮತ್ತು 11ರ ವೈದ್ಯರಿಗೆ, ಪ್ರತ್ಯೇಕ ಲಕೋಟೆಗಳಲ್ಲಿ. ಪರಸ್ಪರ ತೋರಿಸತಕ್ಕದ್ದಲ್ಲ.
2. ಪಾಲಿಕ್ಲಿನಿಕ್‌ನ ಕಾವಲುಗಾರರಿಗೆ, ಟೋಕನ್‌ಗಳ ಸಹಿತ.
3. ಶ್ರೀಮತಿ ಸೊನುನ್‌ಬೂಬುರವರಿಗೆ, ದೊಡ್ಡ ಅಕ್ಷರಗಳಲ್ಲಿ.
4. ಕುರಿಯ ಸಂಬಂಧ ಪಶುವೈದ್ಯ ಇಲಾಖೆಗೆ, ಮಾಹಿತಿಗಾಗಿ.
5. ಶ್ರೀಮತಿ ಉಮ್ಸುನಾಯ್ ಒಸ್ಮೊನಾಲಿಯೆವಾ, ನಿರ್ದೇಶಕರ ತಾಯಿ, ವಯಸ್ಸು 78, ಇವರಿಗೆ: ಔಷಧಿಗಳೆಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು, ಡಿಸೆಂಬರ್ ಮೊದಲ ಭಾನುವಾರಕ್ಕೆ ಕೊಬ್ಬಿದ ಕುರಿಯೊಂದನ್ನು ನೋಡಿಟ್ಟಿರಬೇಕಾಗಿ ಕೋರಿ.