ಮಾವನ ಊರಿನಲ್ಲಿ ಸ್ವೀಡಿಷ್ ಮತ್ತು ಮಲಯ

ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಂದ ಸಲೀಸಾಗಿ ಹೊರಡುವುದಿಲ್ಲ. ಇದು ಮಾಸ್ತರಿಕೆಯ ರೋಗ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸಮಾಜ ವಿಜ್ಞಾನ ಹೇಳಿದವನು ನಾನು. ಮಕ್ಕಳು ಏನು ಕೇಳಿದರೂ ಮೊದಲು ಗಟ್ಟಿ ದನಿಯಲ್ಲಿ ಒಂದು ಉತ್ತರ ಕೊಟ್ಟುಬಿಡುವುದು, ಆಮೇಲೆ ಮನೆಗೆ ಹೋಗಿ ಅದು ನಿಜವೋ ಸುಳ್ಳೋ ನೋಡುವುದು. ಹಿಂಗಾಗಿ ದೀಪಾವಳಿಗೆ ಮಹಾರಾಷ್ಟ್ರದ ಗಡಿಗೆ ಹತ್ತಿರದ ಇಂಡಿ ಪಟ್ಟಣದ ಮಾವನ ಮನೆಗೆ ಹೋದಾಗ, ಹೆಂಡತಿಯ ತಮ್ಮ ಮಲ್ಲು, "ಮಾಮಾ, ಫೋನ್ ಹಿಡಕೊಂಡು ಏನ್ ಒದರಾಕತ್ತೀರಿ?" ಎಂದು ಕೇಳಿದ್ದಕ್ಕೆ, "ಸ್ವೀಡಿಷ್ ಮತ್ತ ಮಲಯ. ಎರಡನ್ನೂ ಹೋಲಿಸಿ ಅಭ್ಯಾಸ ಮಾಡಾಕತ್ತೇನಿ" ಎಂದುಬಿಟ್ಟೆ. ಫೋನಿನ ಪುಕ್ಕಟೆ ಪಾಠಗಳ ಆ ಅಭ್ಯಾಸಕ್ಕೆ ಆಗ ಹನ್ನೊಂದು ದಿನವಾಗಿತ್ತು, ಅದರಲ್ಲಿ ಮೂರು ದಿನ ನೆಗಡಿಯಾಗಿ ಬಿಟ್ಟಿದ್ದೆ.

ಮಲ್ಲು ಸುಮ್ಮನಿರುವ ಪೈಕಿ ಅಲ್ಲ. ಅವನೂ ಅವನ ಗೆಳೆಯರೂ ಸೇರಿ ಇಂಡಿಯಲ್ಲಿ ತಿಂಗಳಿಗೊಂದು ಭಾನುವಾರ ಉಪನ್ಯಾಸ ಇಡಿಸುತ್ತಾರೆ. ವಾರ ಕಳೆಯುವುದರೊಳಗೆ ನನ್ನ ಫೋನಿಗೆ ಕರಪತ್ರ ಬಂತು. ನನ್ನ ಮದುವೆಯ ಫೋಟೋ ಕತ್ತರಿಸಿ ಹಾಕಿದ್ದ, ಹಣೆಯ ಬಾಸಿಂಗ ಅರ್ಧ ಹಾಗೇ ಉಳಿದಿತ್ತು. ಕೆಳಗೆ "ಬಹುಭಾಷಾ ಪಂಡಿತರು, ಇಂಡಿಯ ಹೆಮ್ಮೆಯ ಅಳಿಯಂದಿರು" ಎಂದಿತ್ತು. ಪಂಡಿತ ಅನ್ನುವುದನ್ನು ಬೇಕಾದರೆ ಅಲ್ಲಗಳೆಯಬಹುದು, ಅಳಿಯ ಅನ್ನುವುದನ್ನು ಹೇಗೆ ಅಲ್ಲಗಳೆಯಲಿ? ಹೆಂಡತಿ ಅದನ್ನು ಎರಡು ಸಲ ಓದಿ, "ಬೇಕಾಗಿತ್ತೇನ್ರಿ ನಿಮಗ ಇದು? ನಮ್ಮ ಅಪ್ಪ ಮುಂದಿನ ಸಾಲಿನ್ಯಾಗ ಕುಂದರ್ತಾನ" ಅಂದಳು. ಬೇರೆ ಊರಿನಲ್ಲಿ ಮಾನ ಹೋದರೆ ಬಸ್ಸು ಹತ್ತಿ ಮನೆಗೆ ಬರಬಹುದು. ಮಾವನ ಊರಿನಲ್ಲಿ ಹೋದರೆ ಹಬ್ಬಹಬ್ಬಕ್ಕೂ ಹೋಗಿ ಅದನ್ನು ನೋಡಿಕೊಂಡು, ಮೇಲೆ ಹೋಳಿಗೆಯನ್ನೂ ಉಂಡು ಬರಬೇಕು.

ಉಳಿದದ್ದು ಹದಿನೈದು ದಿನ. ಹಟ ಹಿಡಿದು ಕೂತೆ. ಮಲಯ ನಮ್ಮವರಂತೆಯೇ ಅನ್ನಿಸಿತು. ನಿನ್ನೆ ಉಂಡರೂ ನಾಳೆ ಉಂಡರೂ ಕ್ರಿಯಾಪದ ಒಂದೇ, ಅದು ಮೈ ಕೈ ಅಲುಗಿಸುವುದಿಲ್ಲ. ಪುಸ್ತಕ ಬಹಳವಿದ್ದರೆ ಎರಡು ಸಲ ಪುಸ್ತಕ ಅಂದರಾಯಿತು. ಗುರು, ನಾಮ, ಖಬರು ಎಲ್ಲ ನಮ್ಮಲ್ಲಿದ್ದವೇ ಅಲ್ಲೂ ಇವೆ. ಗುರುತಿಲ್ಲದ ಹಿರಿಯನನ್ನೂ, ನಾವು ಕಾಕಾ ಅನ್ನುವ ಹಾಗೆ, ಸಂಬಂಧ ಹಚ್ಚಿಯೇ ಮಾತಾಡಿಸುತ್ತಾರೆ. ಸ್ವೀಡಿಷ್ ಹಾಗಲ್ಲ. ಅಲ್ಲಿ ವಸ್ತುಗಳೆಲ್ಲ ಎರಡು ಪಂಗಡ. ಕುರ್ಚಿ ಒಂದು ಕಡೆ, ಅದರ ಮುಂದಿನ ಟೇಬಲ್ಲು ಇನ್ನೊಂದು ಕಡೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ಬಾಯಿಪಾಠ ಮಾಡಬೇಕು. ಮಾತೆಲ್ಲ ಹಾಡಿನ ಹಾಗೆ ಏರಿ ಇಳಿಯುತ್ತದೆ. ನಾನು ಏರಿದಲ್ಲಿಂದ ಇಳಿಯುವುದನ್ನೇ ಮರೆಯುತ್ತಿದ್ದೆ. ಒಂದು ಭಾಷೆ ಒಳಗೆ ಬಂದರೆ ಇನ್ನೊಂದು ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಿತ್ತು.

ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು, ಆ ಭಾನುವಾರ ನಾನೊಬ್ಬನೇ ಬಸ್ಸಿನಲ್ಲಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಾ ಹೊರಟೆ. ಬಸವನ ಬಾಗೇವಾಡಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ಬಹಳ ಹೊತ್ತು ನನ್ನನ್ನೇ ನೋಡಿ, "ಯಪ್ಪಾ, ಹೊಟ್ಟಿ ತೊಳಸಾಕತ್ತೈತೇನೋ? ಕಿಡಕ್ಯಾಗ ಕುಂದರ ಬಾ" ಎಂದು ಕಿಟಕಿ ಪಕ್ಕದ ತನ್ನ ಜಾಗ ಬಿಟ್ಟುಕೊಟ್ಟಳು. ಇಲ್ಲ ಅನ್ನಲಾರದೆ ಹೋಗಿ ಕೂತೆ, ತುಟಿ ಮಾತ್ರ ನಿಲ್ಲಲಿಲ್ಲ.

ಇಂಡಿಯಲ್ಲಿ ಸಭೆ ತುಂಬಿತ್ತು. ಭಾಷೆಯ ಆಸೆಗೆ ಬಂದವರು ಎಷ್ಟೋ ಗೊತ್ತಿಲ್ಲ, ಅರ್ಧಕ್ಕರ್ಧ ಹೆಂಡತಿಯ ಬಳಗವೇ. ನಮ್ಮ ಕಡೆ ಪದ್ಧತಿ ಎಂದರೆ ಮಾತಿಗಿಂತ ಮೊದಲು ಸನ್ಮಾನ. ಶಾಲು ಹೊದಿಸಿದರು, ಹಾರ ಹಾಕಿದರು, ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಮಾಲು ಬರುವುದಕ್ಕೆ ಮೊದಲೇ ಪೂರ್ತಿ ಬೆಲೆ ಕೊಟ್ಟ ಹಾಗೆ. ಮುಂದಿನ ಸಾಲಿನಲ್ಲಿ ಮಾವನವರು ಬಿಳಿ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ಒಂದು ವಹಿ, ಪೆನ್ನು ಹಿಡಿದು ಕೂತಿದ್ದರು. ಅವರೂ ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರು. ಆ ಪೆನ್ನು ಕಂಡು ನಾನು ಹಣ್ಣಿನ ಬುಟ್ಟಿಯನ್ನು ಎದುರಿಗೆ ಅಡ್ಡ ಇಟ್ಟುಕೊಂಡೆ.

ಶುರುವೇನೋ ಚೆನ್ನಾಗಿಯೇ ಆಯಿತು. ಸ್ವೀಡನ್ನಿನಲ್ಲಿ ಈಗ ಸಣ್ಣವರು ದೊಡ್ಡವರು ಅನ್ನದೆ ಎಲ್ಲರಿಗೂ 'ನೀ' ಅಂತಲೇ ಅನ್ನುತ್ತಾರೆ ಎಂದೆ. ಸಭೆ ಹೌಹಾರಿತು. ಹಿಂದಿನಿಂದ ಹೆಂಡತಿಯ ಸೋದರತ್ತೆಯೊಬ್ಬರು, "ಅಳಿಯಗೂ ನೀ ಅಂತಾರೇನ್ರಿ?" ಎಂದರು.

"ಅಂತಾರ್ರಿ."

"ಹಂಗಾರ ಆ ಊರಿಗಿ ಹೆಣ್ಣು ಕೊಡಬಾರದ ಬಿಡ್ರಿ!"

ನಕ್ಕು ಚಪ್ಪಾಳೆ ತಟ್ಟಿದರು. ಅಲ್ಲೇ ನಿಲ್ಲಿಸಬೇಕಿತ್ತು. ಕೊನೆಗೆ ಎರಡೂ ಭಾಷೆಯಲ್ಲಿ ಧನ್ಯವಾದ ಹೇಳಿ ಮುಗಿಸುತ್ತೇನೆ ಎಂದು ಉಬ್ಬಿದೆ. ಮಲಯದಲ್ಲಿ "ತೆರಿಮಾ ಕಾಸಿಹ್" ಎಂದೆ. ಇನ್ನು ಸ್ವೀಡಿಷ್. ತಲೆ ಸಗಣಿ ಸಾರಿಸಿದ ನೆಲದ ಹಾಗೆ ನುಣ್ಣಗಿತ್ತು, ಒಂದಕ್ಷರ ಇಲ್ಲ. ಮರಾಠಿಯಲ್ಲಿ ಏನಾದರೂ ಅಂದು ಪಾರಾಗೋಣವೆಂದರೆ ಇಂಡಿಯಲ್ಲಿ ಅದು ಯಾರಿಗೆ ಬರುವುದಿಲ್ಲ? ಕಡೆಗೆ ಮಲಯದ "ಸೆಲಾಮತ್ ಜಾಲನ್" ಅನ್ನುವುದನ್ನೇ ಮೂಗಿನಲ್ಲಿ ಎಳೆದು, ಏರಿಸಿ ಇಳಿಸಿ, ಸ್ವೀಡಿಷ್ ಎಂದು ಒಪ್ಪಿಸಿಬಿಟ್ಟೆ. ಮುಂದಿನ ಸಾಲಿನಿಂದ ಒಂದು ಚಪ್ಪಾಳೆ ಎದ್ದಿತು, ಹಿಂದೆಯೇ ಇಡೀ ಸಭೆ ತಟ್ಟಿತು. ಬದುಕಿದೆಯಾ ಬಡಜೀವವೇ ಎಂದು ಕೂತೆ.

ಮಧ್ಯಾಹ್ನ ಊಟಕ್ಕೆ ಮಾವನವರ ಪಕ್ಕದಲ್ಲೇ ನನ್ನ ತಾಟು. ಮಲ್ಲು ಕೈ ತೊಳೆಯಲು ಎದ್ದುಹೋದ ಸಮಯ ನೋಡಿ ಅವರು ವಹಿ ತೆರೆದರು. ಹದಿನೈದು ದಿನದಿಂದ ಅವರೂ ಮನೆಯಲ್ಲಿರುವ ಮೊಮ್ಮಗಳ ಫೋನಿನಲ್ಲಿ ಅದೇ ಪಾಠಗಳನ್ನು ಕಲಿತಿದ್ದರು. ಪುಟದ ತುಂಬಾ ದುಂಡಗಿನ ಅಕ್ಷರ, ಒಂದು ಕಡೆ ಸ್ವೀಡಿಷ್, ಒಂದು ಕಡೆ ಮಲಯ.

"ಅಳಿಯಂದ್ರು ಮಾತಾಡೂದು ನನಗ ತಿಳೀಬೇಕಲ್ರಿ, ಅದಕ್ಕ ಕಲ್ತೆ" ಎಂದರು. "ಧನ್ಯವಾದಕ್ಕ ಸ್ವೀಡಿಷ್‌ನ್ಯಾಗ ಬರೇ 'ತಕ್' ಅಂತಾರ. ನೀವು ಹೇಳಿದ್ದು ಮಲಯ. ಸುಖವಾಗಿ ಹೋಗಿ ಬರ್ರಿ ಅಂತ ಅದರ ಅರ್ಥ."

"ಮತ್ತ ಚಪ್ಪಾಳಿ ನೀವ ಮೊದಲ ಹೊಡದ್ರಲ್ರಿ?" ಎಂದೆ.

"ಹೊಡೀದ ಏನ್ ಮಾಡಲಿ? ನನ್ನ ಮಗಳು ಅಲ್ಲೇ ಕುಂತಿದ್ಲು."

ಆಮೇಲೆ ರೊಟ್ಟಿ ಮುರಿದರು. ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಒಮ್ಮೆಯೂ ಏಕವಚನ ಬಳಸಿದವರಲ್ಲ, ನಾನು ಮಲಗಿದ್ದರೆ ಮೆಲ್ಲಗೆ ನಡೆಯುವವರು. ಈಗ ನನ್ನ ಕಡೆ ಬಾಗಿ, "ಸ್ವೀಡನ್ ಪದ್ಧತಿ ಪ್ರಕಾರ ಒಂದ ಮಾತು ಹೇಳಲೇನು?" ಎಂದರು.

"ಹೇಳ್ರಿ."

"ನೀ ಸುಳ್ಳ ಹೇಳಬ್ಯಾಡ. ಗೊತ್ತಿಲ್ಲ ಅನ್ನೂದು ಕಲಿ."

ಹೇಳಿ ಮುಗಿಸಿ ಕೂಡಲೇ ಒಳಗೆ ತಿರುಗಿ, "ಅಳಿಯಾರಿಗಿ ತುಪ್ಪ ತರ್ರೆವ್ವಾ" ಎಂದು ಕೂಗಿದರು. ತುಪ್ಪ ಬಂತು, ತಾಟು ತುಂಬುತ್ತಾ ಹೋಯಿತು. ಸಾಕು ಅನ್ನುವ ಮಾತೂ ನನ್ನ ಬಾಯಿಂದ ಹೊರಡಲಿಲ್ಲ.