ಗ್ಯಾರಂಟಿ ಕಾರ್ಡು ಕೇಳಿದ ಭಾವ

ನಮ್ಮ ಭಾವನವರು ಪುಕ್ಕಟೆ ಹಣದ ಕಡುವೈರಿ. ದುಡಿಯದೆ ಉಂಡವನು ಕೆಡುತ್ತಾನೆಂದು ದಿನವೂ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಅರಳಿಕಟ್ಟೆಯ ಮೇಲೆ ಕುಳಿತು ಬೋಧಿಸುತ್ತಾರೆ. ಹನ್ನೆರಡಕ್ಕೆ ಸರಿಯಾಗಿ ಊಟ. ಆ ಮುದ್ದೆ, ಸಾರು ಬರುವುದು ನಮ್ಮಕ್ಕ ಕುರಿ ಕಾಯ್ದ ಕಾಸಿನಿಂದ. ವೇಳೆ ತಪ್ಪದವರು ನನಗೆ ಇಷ್ಟ; ಆದರೆ ಭಾವ ವೇಳೆ ತಪ್ಪದೆ ಮಾಡುವ ಕೆಲಸ ಇವೆರಡೇ!

ಐಮಂಗಲದ ಆಚೆಗಿನ ಅವರ ಊರಿನ ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಅವುಗಳ ತೆರಿಗೆಯಿಂದ ದುಡಿದು ವಯಸ್ಸಾದ ಹೆಂಗಸರಿಗೆ ತಿಂಗಳು ತಿಂಗಳು ಹಣ ಕೊಡುವ ‘ಊರ ಗ್ಯಾರಂಟಿ’ಯ ಯೋಚನೆ ಪಂಚಾಯ್ತಿಗೆ ಬಂತು. ಭಾವನ ಪ್ರಕಾರ ಗ್ಯಾರಂಟಿ ಎಂದರೆ ಅಂಗಡಿಯವನು ಸೀಲು ಹೊಡೆದು ಕೊಡುವ ಕಾರ್ಡು. ಎಂದೋ ಗುಜರಿಗೆ ಹೋದ ಮಿಕ್ಸಿ, ರೇಡಿಯೋಗಳ ಕಾರ್ಡುಗಳು ಇಂದಿಗೂ ಅವರ ಟ್ರಂಕಿನಲ್ಲಿವೆ. ನೇರ ಪಂಚಾಯ್ತಿಗೆ ನಡೆದರು.

“ಕಾರ್ಡು ಎಲ್ಲೈತಪ್ಪ? ಕೆಟ್ಟೋದ್ರೆ ಬದಲಾಯ್ಸಿ ಕೊಡ್ತೀರೇನು?”

“ದುಡ್ಡು ಹೆಂಗೆ ಕೆಡ್ತೈತೆ ಅಜ್ಜಾರೆ?” ಎಂದ ಕಾರ್ಯದರ್ಶಿ.

“ದುಡ್ಡಲ್ಲ. ನೀವು ಕೆಟ್ಟೋದ್ರೆ.”

ಊರು ಒಪ್ಪಿದರೆ ಮಾತ್ರ ಮೇಲಿನವರ ಅನುಮತಿಗೆ ಕಾಗದ ಹೋಗುತ್ತದೆ. ಗ್ರಾಮಸಭೆಗೆ ನಾನೂ ಹೋದೆ. ಅಕ್ಕನ ಮಂಡಿಗಳು ಊದಿದ್ದವು. ಗುಡ್ಡ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಈ ಹಣ ಬಂದರೆ ಕುರಿ ಮಾರಿ ಮನೆಯಲ್ಲಿ ಕೂರುವ ಆಸೆ ಅವಳದು.

ಭಾವ ಎದ್ದು ನಿಂತರು. “ಚರಂಡಿ ಬಳಿಯಾಕಾಗದ ಪಂಚಾಯ್ತಿ ಸಂಬಳ ಹಂಚ್ತೈತಂತೆ! ಅದಕ್ಕೆ ಬೆಂಗಳೂರಾಗೆ, ದಿಲ್ಲಿಯಾಗೆ ಸರ್ಕಾರಗಳು ಅವೆ. ಕುಂತಲ್ಲಿಗೆ ದುಡ್ಡು ಬಂದ್ರೆ ಹೆಂಗಸ್ರು ಸೋಮಾರಿ ಆಗ್ತಾರೆ.”

ಅಕ್ಕ ಗೋಡೆ ಹಿಡಿದು ಎದ್ದಳು. “ಅವರು ಹೇಳೋದು ದಿಟ ಕಣ್ರಿ. ಮದುವೆ ಆದಾಗಿಂದ ನಾನೂ ಒಬ್ರಿಗೆ ಗ್ಯಾರಂಟಿ ಕೊಡ್ತಾ ಇದೀನಿ. ಸೋಮಾರಿ ಆಗೇ ಆಗ್ಯಾರೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಶಿಸ್ತಿನ ಮನುಷ್ಯನಾದ ನಾನೂ ನಕ್ಕೆ. ಅಕ್ಕ ಮತ್ತೆ ಕೂರಲು ಹೋದಳು, ಮಂಡಿ ಬಾಗಲಿಲ್ಲ. ಇಬ್ಬರು ಹೆಂಗಸರು ತೋಳು ಹಿಡಿದು ಕೂರಿಸಬೇಕಾಯಿತು. ಭಾವ ನೋಡುತ್ತಾ ನಿಂತರು. ಅರಳಿಕಟ್ಟೆಯಿಂದ ಇದೆಲ್ಲ ಎಲ್ಲಿ ಕಾಣಬೇಕು?

“ನಿಮ್ಮ ತಕರಾರು ಬರ್ಕಳ್ಳಲಾ ಅಜ್ಜಾರೆ?” ಎಂದ ಕಾರ್ಯದರ್ಶಿ.

“ತಕರಾರು ಬ್ಯಾಡ. ಹೆಸರು ಬರ್ಕ.”

“ಯಾರದು?”

ನಮ್ಮ ಕಡೆಯ ಹಳೆಯ ಗಂಡಸರಿಗೆ ಹೆಂಡತಿಯೆಂದರೆ ಎದುರಿಗೆ ‘ಲೇ’, ಹೊರಗೆ ‘ನಮ್ಮನೇಲಿ’. ಭಾವ ಎರಡು ಸಲ ಗಂಟಲು ಸರಿಮಾಡಿಕೊಂಡರು.

“ಗೌರಮ್ಮ” ಎಂದರು.

ಯಾರನ್ನು ಕರೆದರೋ ಎಂದು ಅಕ್ಕ ಹಿಂದೆ ತಿರುಗಿ ನೋಡಿದಳು.